ಕೆಲಸಕ್ಕೊಂದು ದಾರಿ: ಯೋಜನಾ ತಂತ್ರಾಂಶದಲ್ಲಿ ನಮ್ಮದೇ ವರ್ಕ್‌ಫ್ಲೋ

ನಿಮ್ಮ ಶಾಲೆಯ ಐವರು ವಿದ್ಯಾರ್ಥಿಗಳು ಊರಿನ ಸುತ್ತಮುತ್ತಲಿನ 40 ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮತ್ತು ನೈಟ್ರೇಟ್ ಎಷ್ಟಿದೆ ಎಂದು ಅಳೆಯಲು ಹೊರಟಿದ್ದಾರೆ ಎಂದುಕೊಳ್ಳಿ. ಇಬ್ಬರು ಬಾಟಲಿಗಳಲ್ಲಿ ನೀರು ತರುತ್ತಾರೆ. ಇಬ್ಬರು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಒಬ್ಬರು ಗಣಕದಲ್ಲಿ ಕೋಷ್ಟಕ ತುಂಬುತ್ತಾರೆ. ಎರಡು ತಿಂಗಳ ನಂತರ ವರದಿ ಬರೆಯಲು ಕುಳಿತಾಗ 23ನೆಯ ಬಾವಿಯ ಎದುರು 0.6 ಎಂಬ ಅಂಕಿ ಕಾಣುತ್ತದೆ. ಅದನ್ನು ಅಳೆದವರು ಯಾರು? ಎಂದು ಅಳೆದರು? ಬಾಟಲಿ ಎಷ್ಟು ದಿನ ಕಪಾಟಿನಲ್ಲಿ ಕುಳಿತಿತ್ತು? ಬೇರೆ ಯಾರಾದರೂ ಆ ಅಂಕಿಯನ್ನು ಪರಿಶೀಲಿಸಿದರೇ? ಕೋಷ್ಟಕ ಇದಾವುದಕ್ಕೂ ಉತ್ತರ ಕೊಡುವುದಿಲ್ಲ.

ಇದು ಬರೀ ಅಂಕಗಳ ಪ್ರಶ್ನೆಯಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಓದುಗರಿಗೆ ಫ್ಲೋರೈಡ್ ನೀರಿನಿಂದ ಕಂದುಗಟ್ಟಿದ ಹಲ್ಲುಗಳು, ಬಾಗಿದ ಮೂಳೆಗಳು ಹೊಸ ವಿಷಯವಲ್ಲ. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ನೈಟ್ರೇಟಿನ ಮಿತಿ 45 ಮಿಲಿಗ್ರಾಂ. ‘ಈ ಬಾವಿಯ ನೀರು ಸುರಕ್ಷಿತ’ ಎಂದು ಮಕ್ಕಳು ಊರಿನವರಿಗೆ ಹೇಳಿದರೆ ಅವರು ನಂಬುತ್ತಾರೆ. ಆದ್ದರಿಂದ ಪ್ರತಿ ಅಂಕಿಯೂ ಸರಿಯಾದ ದಾರಿಯಲ್ಲೇ ಬಂದಿದೆ ಎಂಬ ಖಾತರಿ ಬೇಕು. ಆ ದಾರಿಯನ್ನು ಗಣಕದಲ್ಲಿ ಹಾಕಿಕೊಡುವ ಕ್ರಮವೇ ವರ್ಕ್‌ಫ್ಲೋ, ಅಂದರೆ ಕೆಲಸದ ಹರಿವು.

ವರ್ಕ್‌ಫ್ಲೋ ಎಂದರೇನು?

ಯಾವುದೇ ಕೆಲಸ ಒಂದು ಕ್ಷಣದಲ್ಲಿ ಒಂದು ಸ್ಥಿತಿಯಲ್ಲಿರುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಅದು ದಾಟಬೇಕಾದರೆ ಯಾರೋ ಒಬ್ಬರು ಏನನ್ನೋ ಮಾಡಬೇಕು. ಯಾವ ಸ್ಥಿತಿಗಳಿವೆ, ಯಾವುದರಿಂದ ಯಾವುದಕ್ಕೆ ದಾಟಬಹುದು, ದಾಟಿಸುವ ಅಧಿಕಾರ ಯಾರಿಗಿದೆ ಎಂಬ ಮೂರು ಸಂಗತಿಗಳನ್ನು ಸೇರಿಸಿ ಬರೆದರೆ ಅದೇ ವರ್ಕ್‌ಫ್ಲೋ. ಸ್ಥಿತಿಗಳನ್ನು ವೃತ್ತಗಳಾಗಿಯೂ ದಾಟುಗಳನ್ನು ಬಾಣಗಳಾಗಿಯೂ ಬರೆದರೆ ಗಣಿತದಲ್ಲಿ ದಿಶಾಯುಕ್ತ ನಕ್ಷೆ ಎಂದು ಕರೆಯುವ ಚಿತ್ರ ದೊರೆಯುತ್ತದೆ.

ಈ ಚಿತ್ರದ ಹಿಂದಿನ ಗಣಿತ ಗಣಕಗಳ ಆರಂಭದ ದಿನಗಳಷ್ಟು ಹಳೆಯದು. ಸೀಮಿತ ಸಂಖ್ಯೆಯ ಸ್ಥಿತಿಗಳುಳ್ಳ ಯಂತ್ರಗಳ ಬಗ್ಗೆ ಅಮೆರಿಕದ ಜಾರ್ಜ್ ಮೀಲಿ 1955ರಲ್ಲೂ ಎಡ್ವರ್ಡ್ ಮೂರ್ 1956ರಲ್ಲೂ ಪ್ರಬಂಧ ಪ್ರಕಟಿಸಿದರು. ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ, ಹಲವು ಕೆಲಸಗಳು ಒಟ್ಟೊಟ್ಟಿಗೆ ಸಾಗುವ ವ್ಯವಸ್ಥೆಗಳನ್ನು ವಿವರಿಸುವ ವಿಧಾನಕ್ಕೆ ಬುನಾದಿ ಹಾಕಿದರು. ಇಂದು ಅದನ್ನು ‘ಪೆಟ್ರಿ ಜಾಲ’ ಎನ್ನುತ್ತಾರೆ. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ವಿಲ್ ವಾನ್ ಡರ್ ಆಲ್ಸ್ಟ್ ಇದೇ ಜಾಲಗಳನ್ನು ಬಳಸಿ, ಒಂದು ವರ್ಕ್‌ಫ್ಲೋ ಸುಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸುವ ನಿಯಮಗಳನ್ನು ರೂಪಿಸಿದರು. ಆ ನಿಯಮಗಳ ಸರಳ ರೂಪವನ್ನು ಮುಂದೆ ನೋಡೋಣ.

ಮೊದಲು ಕಾಗದ, ಆಮೇಲೆ ಗಣಕ

ತಂತ್ರಾಂಶ ತೆರೆಯುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಒಂದೊಂದು ಬಾವಿಯೂ ಒಂದೊಂದು ಕೆಲಸ. ಅದಕ್ಕೆ ಆರು ಸ್ಥಿತಿಗಳು ಸಾಕು: ‘ಗುರುತಿಸಿದ್ದು’, ‘ಸಂಗ್ರಹಿಸಿದ್ದು’, ‘ಪರೀಕ್ಷಿಸಿದ್ದು’, ‘ಮರುಪರೀಕ್ಷೆಗೆ’, ‘ಒಪ್ಪಿದ್ದು’ ಮತ್ತು ‘ಕೈಬಿಟ್ಟದ್ದು’. ಹೆಸರುಗಳನ್ನು ಗಮನಿಸಿ. ಅವು ಬಾವಿಯ ಅಥವಾ ಮಾದರಿಯ ಸ್ಥಿತಿಯನ್ನು ಹೇಳುತ್ತವೆಯೇ ಹೊರತು ಯಾವ ವಿದ್ಯಾರ್ಥಿ ಏನು ಮಾಡುತ್ತಿದ್ದಾನೆ ಎಂಬುದನ್ನಲ್ಲ. ‘ರಜೆಯಲ್ಲಿದ್ದಾನೆ’, ‘ನಾಳೆ ನೋಡೋಣ’ ಎಂಬಂಥವು ಸ್ಥಿತಿಗಳಾಗಲಾರವು.

ಇನ್ನು ಪಾತ್ರಗಳು. ನೀರು ತರುವವರು ಸಂಗ್ರಾಹಕರು, ಅಳೆಯುವವರು ಪರೀಕ್ಷಕರು, ಅಂಕಿಯನ್ನು ಒಪ್ಪುವ ಶಿಕ್ಷಕರು ಮಾರ್ಗದರ್ಶಕರು. ಕೋಷ್ಟಕ ತುಂಬಲೆಂದೇ ಒಬ್ಬರು ಬೇಕಿಲ್ಲ. ಮಾಡಿದವರೇ ತಮ್ಮ ಕೆಲಸವನ್ನು ದಾಖಲಿಸುತ್ತಾರೆ. ಐದನೆಯ ವಿದ್ಯಾರ್ಥಿ ಪರೀಕ್ಷಕರ ಜೊತೆ ಸೇರಬಹುದು. ಈಗ ಬಾಣಗಳನ್ನು ಎಳೆಯೋಣ:

1. ಗುರುತಿಸಿದ್ದು → ಸಂಗ್ರಹಿಸಿದ್ದು: ಸಂಗ್ರಾಹಕ
2. ಗುರುತಿಸಿದ್ದು → ಕೈಬಿಟ್ಟದ್ದು: ಮಾರ್ಗದರ್ಶಕ
3. ಸಂಗ್ರಹಿಸಿದ್ದು → ಪರೀಕ್ಷಿಸಿದ್ದು: ಪರೀಕ್ಷಕ
4. ಸಂಗ್ರಹಿಸಿದ್ದು → ಗುರುತಿಸಿದ್ದು: ಪರೀಕ್ಷಕ
5. ಪರೀಕ್ಷಿಸಿದ್ದು → ಒಪ್ಪಿದ್ದು: ಮಾರ್ಗದರ್ಶಕ
6. ಪರೀಕ್ಷಿಸಿದ್ದು → ಮರುಪರೀಕ್ಷೆಗೆ: ಮಾರ್ಗದರ್ಶಕ
7. ಮರುಪರೀಕ್ಷೆಗೆ → ಪರೀಕ್ಷಿಸಿದ್ದು: ಪರೀಕ್ಷಕ
8. ಮರುಪರೀಕ್ಷೆಗೆ → ಗುರುತಿಸಿದ್ದು: ಪರೀಕ್ಷಕ
9. ಒಪ್ಪಿದ್ದು → ಮರುಪರೀಕ್ಷೆಗೆ: ಮಾರ್ಗದರ್ಶಕ

ಆರು ಸ್ಥಿತಿಗಳ ನಡುವೆ ಒಟ್ಟು 6 × 5 = 30 ಬಾಣಗಳನ್ನು ಎಳೆಯಲು ಸಾಧ್ಯ. ನಾವು ತೆರೆದಿರುವುದು 9 ಮಾತ್ರ. ಉಳಿದ 21 ದಾರಿಗಳನ್ನು ಮುಚ್ಚಿದ್ದೇವೆ. ವರ್ಕ್‌ಫ್ಲೋ ರಚಿಸುವುದೆಂದರೆ ದಾರಿ ತೆರೆಯುವುದಷ್ಟೇ ಅಲ್ಲ, ಮುಚ್ಚುವುದೂ ಹೌದು.

ಮೂರು ಪರೀಕ್ಷೆಗಳು

ಬಾಣಗಳನ್ನು ಎಳೆದ ಮೇಲೆ ಚಿತ್ರಕ್ಕೆ ಮೂರು ಪ್ರಶ್ನೆ ಕೇಳಿ. ಒಂದು, ಆರಂಭದ ಸ್ಥಿತಿಯಿಂದ ಪ್ರತಿಯೊಂದು ಸ್ಥಿತಿಗೂ ತಲುಪಲು ದಾರಿಯಿದೆಯೇ? ತಲುಪಲಾಗದ ಸ್ಥಿತಿ ಇದ್ದರೆ ಅದು ಅನವಶ್ಯಕ. ಎರಡು, ಪ್ರತಿ ಸ್ಥಿತಿಯಿಂದಲೂ ಯಾವುದಾದರೊಂದು ಕೊನೆಯ ಸ್ಥಿತಿಗೆ ತಲುಪಬಹುದೇ? ಇಲ್ಲದಿದ್ದರೆ ಕೆಲಸ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೂರು, ಪ್ರತಿ ಬಾಣಕ್ಕೂ ಒಂದು ಪಾತ್ರವಿದೆಯೇ, ಆ ಪಾತ್ರದಲ್ಲಿ ನಿಜವಾಗಿ ಒಬ್ಬ ಮನುಷ್ಯನಿದ್ದಾನೆಯೇ? ಯಾರೂ ಇಲ್ಲದ ಪಾತ್ರಕ್ಕೆ ಕೊಟ್ಟ ಬಾಣವೂ, ಇಲ್ಲದ ಬಾಣವೂ ಒಂದೇ.

ಈ ಪರೀಕ್ಷೆಗಳನ್ನು ತರಗತಿಯಲ್ಲಿ ಆಟದಂತೆ ಮಾಡಿಸಬಹುದು. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತಗಳನ್ನೂ ಬಾಣಗಳನ್ನೂ ಬರೆಯಿರಿ. ಒಬ್ಬ ವಿದ್ಯಾರ್ಥಿ ಬಾಟಲಿಯಾಗಿ ಆ ದಾರಿಗಳಲ್ಲಿ ನಡೆಯಲಿ. ಉಳಿದವರು ‘ಬಾಟಲಿ ಒಡೆಯಿತು’, ‘ಚೀಟಿ ಅಳಿಸಿಹೋಯಿತು’, ‘ಬಾವಿ ಬತ್ತಿತು’ ಎಂದು ತೊಂದರೆಗಳನ್ನು ಕೂಗಲಿ. ಬಾಟಲಿಗೆ ಮುಂದೆ ಹೋಗಲು ದಾರಿ ಸಿಗದ ಜಾಗವೇ ನಿಮ್ಮ ಚಿತ್ರದ ದೋಷ.

ಉದಾಹರಣೆಗೆ 8ನೆಯ ಬಾಣವನ್ನು ಅಳಿಸಿ ನೋಡಿ. ಮೇಲಿನ ಮೂರು ಪರೀಕ್ಷೆಗಳಲ್ಲೂ ಚಿತ್ರ ತೇರ್ಗಡೆಯಾಗುತ್ತದೆ. ಆದರೆ ಮರುಪರೀಕ್ಷೆಗೆ ಕಳುಹಿಸಿದ ಬಾಟಲಿಯಲ್ಲಿ ನೀರೇ ಉಳಿದಿಲ್ಲ ಎಂದುಕೊಳ್ಳಿ. ಪರೀಕ್ಷಕನ ಮುಂದೆ ಇರುವುದು ‘ಪರೀಕ್ಷಿಸಿದ್ದು’ ಎಂಬ ಒಂದೇ ದಾರಿ. ಅವನು ಸುಮ್ಮನೆ ಕುಳಿತುಕೊಳ್ಳಬೇಕು, ಇಲ್ಲವೇ ಹಳೆಯ ಅಂಕಿಯನ್ನೇ ತುಸು ತಿದ್ದಿ ಹಾಕಬೇಕು. ಪ್ರಾಮಾಣಿಕವಾಗಿ ಹೊರಬರುವ ದಾರಿಯನ್ನು ನಾವೇ ಮುಚ್ಚಿದರೆ, ಅಪ್ರಾಮಾಣಿಕ ದಾರಿಯತ್ತ ಮಕ್ಕಳನ್ನು ನಾವೇ ನೂಕಿದಂತೆ. ಗಣಿತದ ಪರೀಕ್ಷೆಯ ಜೊತೆಗೆ ಸೀಮೆಸುಣ್ಣದ ಆಟವೂ ಬೇಕಾಗುವುದು ಇದಕ್ಕೇ.

ಹಾಗೆಯೇ ‘ಪರೀಕ್ಷಿಸಿದ್ದು’ ಸ್ಥಿತಿಯಿಂದ ‘ಕೈಬಿಟ್ಟದ್ದು’ ಸ್ಥಿತಿಗೆ ನೇರ ಬಾಣ ಇಲ್ಲದಿರುವುದನ್ನು ಗಮನಿಸಿ. ಅದು ಮರೆವಲ್ಲ. ಬಾವಿ ಬತ್ತಿದ್ದರೆ ಅಥವಾ ಮಾಲೀಕರು ಒಪ್ಪದಿದ್ದರೆ ಅಳೆಯುವ ಮೊದಲೇ ಅದನ್ನು ಕೈಬಿಡಬಹುದು. ಆದರೆ ಒಮ್ಮೆ ಅಂಕಿ ಬಂದ ಮೇಲೆ, ಅದು ನಮ್ಮ ನಿರೀಕ್ಷೆಗೆ ಹೊಂದಲಿಲ್ಲ ಎಂದು ಎಸೆಯುವಂತಿಲ್ಲ. 8 ಮತ್ತು 2ನೆಯ ಬಾಣಗಳ ಸುತ್ತುದಾರಿ ಹಿಡಿದು ಕೈಬಿಡುವುದು ಸಾಧ್ಯವಾದರೂ, ಹಾಗೆ ಮಾಡಿದ ಗುರುತು ದಾಖಲೆಯಲ್ಲಿ ಉಳಿದೇ ಉಳಿಯುತ್ತದೆ.

ರೆಡ್‌ಮೈನ್‌ನಲ್ಲಿ ಜೋಡಿಸುವುದು

ವರ್ಕ್‌ಫ್ಲೋ ರಚಿಸಲು ಅವಕಾಶ ಕೊಡುವ ತಂತ್ರಾಂಶಗಳು ಹಲವು. ಇವುಗಳ ಮೂಲ ತಂತ್ರಾಂಶಗಳಲ್ಲಿನ ದೋಷಗಳ ಪಟ್ಟಿ ಇಡುವ ಕೆಲಸದಲ್ಲಿದೆ. ಮೊಜಿಲ್ಲಾ ತಂಡ 1998ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಬಗ್‌ಜಿಲ್ಲಾ, 2002ರಲ್ಲಿ ಬಂದ ಜಿರಾ ಮುಂತಾದವು ಈ ಸಾಲಿಗೆ ಸೇರುತ್ತವೆ. ಶಾಲಾ ಕಾಲೇಜುಗಳಿಗೆ ಅನುಕೂಲವಾದದ್ದು ರೆಡ್‌ಮೈನ್. ಜಾನ್ ಫಿಲಿಪ್ ಲಾಂಗ್ ರಚಿಸಿ 2006ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ ಮುಕ್ತ ಹಾಗೂ ಉಚಿತ. ಪ್ರಯೋಗಾಲಯದ ಒಂದು ಗಣಕದಲ್ಲಿ ಸ್ಥಾಪಿಸಿದರೆ ಸ್ಥಳೀಯ ಜಾಲದ ಮೂಲಕ ಉಳಿದ ಗಣಕಗಳ ಬ್ರೌಸರ್‌ಗಳಲ್ಲಿ ಬಳಸಬಹುದು. ಆಗ ಅಂತರಜಾಲವೂ ಬೇಕಿಲ್ಲ.

ರೆಡ್‌ಮೈನ್‌ನಲ್ಲಿ ಒಂದೊಂದು ಕೆಲಸವನ್ನೂ ‘ಇಶ್ಯೂ’ ಎನ್ನುತ್ತಾರೆ. ಇಶ್ಯೂಗಳ ಬಗೆಗೆ ‘ಟ್ರ್ಯಾಕರ್’ ಎಂದು ಹೆಸರು. ಆಡಳಿತಗಾರರ ಖಾತೆಯಿಂದ ಒಳಹೊಕ್ಕು ‘ಅಡ್ಮಿನಿಸ್ಟ್ರೇಷನ್’ ಪುಟಕ್ಕೆ ಹೋಗಿ ಈ ಕ್ರಮದಲ್ಲಿ ಮುಂದುವರಿಯಿರಿ.

ಮೊದಲಿಗೆ ‘ಇಶ್ಯೂ ಸ್ಟೇಟಸಸ್’ ಪುಟದಲ್ಲಿ ನಮ್ಮ ಆರು ಸ್ಥಿತಿಗಳನ್ನು ಸೇರಿಸಿ. ‘ಒಪ್ಪಿದ್ದು’ ಮತ್ತು ‘ಕೈಬಿಟ್ಟದ್ದು’ ಇವೆರಡಕ್ಕೆ ಮಾತ್ರ ‘ಇಶ್ಯೂ ಕ್ಲೋಸ್ಡ್’ ಎಂಬ ಗುರುತು ಹಾಕಿ. ಎಷ್ಟು ಬಾವಿಗಳು ಮುಗಿದಿವೆ ಎಂಬ ಲೆಕ್ಕ ತಂತ್ರಾಂಶಕ್ಕೆ ಸಿಗುವುದು ಇದರಿಂದಲೇ.

ಎರಡನೆಯದಾಗಿ ‘ಬಾವಿ’ ಎಂಬ ಹೊಸ ಟ್ರ್ಯಾಕರ್ ರಚಿಸಿ, ಅದರ ಆರಂಭಿಕ ಸ್ಥಿತಿ ‘ಗುರುತಿಸಿದ್ದು’ ಎಂದು ಆರಿಸಿ. ಇರುವ ಟ್ರ್ಯಾಕರನ್ನೇ ಬಳಸಿದರೆ ಸಾಲದೇ ಎಂದು ನೀವು ಕೇಳಬಹುದು. ರೆಡ್‌ಮೈನ್‌ನಲ್ಲಿ ವರ್ಕ್‌ಫ್ಲೋ ಅಂಟಿಕೊಂಡಿರುವುದು ಯೋಜನೆಗಲ್ಲ. ಟ್ರ್ಯಾಕರ್ ಮತ್ತು ಪಾತ್ರದ ಜೋಡಿಗೆ. ಹಳೆಯ ಟ್ರ್ಯಾಕರನ್ನು ಬದಲಿಸಿದರೆ ಅದನ್ನು ಬಳಸುವ ಬೇರೆ ಯೋಜನೆಗಳ ದಾರಿಗಳೂ ಬದಲಾಗಿಬಿಡುತ್ತವೆ.

ಮೂರನೆಯದಾಗಿ ‘ರೋಲ್ಸ್ ಅಂಡ್ ಪರ್ಮಿಷನ್ಸ್’ ಪುಟದಲ್ಲಿ ಸಂಗ್ರಾಹಕ, ಪರೀಕ್ಷಕ, ಮಾರ್ಗದರ್ಶಕ ಎಂಬ ಮೂರು ಪಾತ್ರಗಳನ್ನು ರಚಿಸಿ, ಇಶ್ಯೂಗಳನ್ನು ನೋಡುವ ಮತ್ತು ತಿದ್ದುವ ಅನುಮತಿ ಕೊಡಿ. ಹೊಸ ಇಶ್ಯೂ ಸೇರಿಸುವ ಅನುಮತಿ ಸಂಗ್ರಾಹಕರಿಗೂ ಮಾರ್ಗದರ್ಶಕರಿಗೂ ಇದ್ದರೆ ಸಾಕು.

ನಾಲ್ಕನೆಯದು ಮುಖ್ಯ ಹಂತ. ‘ವರ್ಕ್‌ಫ್ಲೋ’ ಪುಟದಲ್ಲಿ ಒಂದು ಪಾತ್ರವನ್ನೂ ‘ಬಾವಿ’ ಟ್ರ್ಯಾಕರನ್ನೂ ಆರಿಸಿದರೆ ಚೌಕಗಳ ಒಂದು ಪಟ್ಟಿ ಕಾಣುತ್ತದೆ. ಸಾಲುಗಳಲ್ಲಿ ಈಗಿನ ಸ್ಥಿತಿ, ಕಂಬಗಳಲ್ಲಿ ಮುಂದಿನ ಸ್ಥಿತಿ. ನಿಮ್ಮ ಬಾಣಗಳ ಚಿತ್ರ ಇಲ್ಲಿ ಮಾತೃಕೆಯ ರೂಪ ತಾಳಿದೆ. ಗಣಿತದ ಶಿಕ್ಷಕರಿಗೆ ಇದನ್ನು ಕಂಡರೆ ಸಂತೋಷವಾದೀತು. ಸಂಗ್ರಾಹಕನ ಮಾತೃಕೆಯಲ್ಲಿ 1, ಪರೀಕ್ಷಕನದರಲ್ಲಿ 4, ಮಾರ್ಗದರ್ಶಕನದರಲ್ಲಿ 4 ಚೌಕಗಳಿಗೆ ಗುರುತು ಹಾಕಬೇಕು. ಒಟ್ಟು 9, ಕಾಗದದ ಮೇಲಿನ ಬಾಣಗಳ ಎಣಿಕೆಗೆ ಸರಿಹೊಂದಿದರೆ ನೀವು ತಪ್ಪಿಲ್ಲ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಪುಟ ತೆರೆದಾಗ ನೀವು ಸೇರಿಸಿದ ಹೊಸ ಸ್ಥಿತಿಗಳು ಕಾಣದೇ ಇರಬಹುದು. ಈ ಟ್ರ್ಯಾಕರ್ ಈಗಾಗಲೇ ಬಳಸುತ್ತಿರುವ ಸ್ಥಿತಿಗಳನ್ನಷ್ಟೇ ತೋರಿಸು ಎಂಬ ಆಯ್ಕೆ ಮೊದಲಿನಿಂದಲೇ ಚಾಲೂ ಇರುವುದು ಇದಕ್ಕೆ ಕಾರಣ. ಆ ಗುರುತನ್ನು ತೆಗೆದು ಪುಟವನ್ನು ಮತ್ತೆ ತೆರೆಸಿದರೆ ಎಲ್ಲ ಸ್ಥಿತಿಗಳೂ ಕಾಣುತ್ತವೆ. ಮಾತೃಕೆಯ ಕೆಳಗೆ ಇಶ್ಯೂ ಬರೆದವರಿಗೆ ಮತ್ತು ಅದನ್ನು ವಹಿಸಿಕೊಂಡವರಿಗೆ ಹೆಚ್ಚುವರಿ ದಾರಿ ಕೊಡುವ ಇನ್ನೆರಡು ಮಾತೃಕೆಗಳಿವೆ. ಸದ್ಯಕ್ಕೆ ಅವನ್ನು ಖಾಲಿ ಬಿಡಿ.

ಕೊನೆಗೆ ಒಂದು ಯೋಜನೆಯನ್ನು ತೆರೆದು ‘ಬಾವಿ’ ಟ್ರ್ಯಾಕರನ್ನು ಅದಕ್ಕೆ ಸೇರಿಸಿ, ಸದಸ್ಯರಿಗೆ ಪಾತ್ರ ಹಂಚಿ.

ಅಂಕಿಗಳಿಗೆ ಕಾವಲು

ದಾರಿ ಹಾಕಿದರೆ ಮುಗಿಯಲಿಲ್ಲ. ದಾರಿಯಲ್ಲಿ ಬರುವವರು ಕೈಯಲ್ಲಿ ಏನು ಹಿಡಿದು ಬರಬೇಕೆಂಬುದನ್ನೂ ಹೇಳಬೇಕು. ‘ಕಸ್ಟಮ್ ಫೀಲ್ಡ್ಸ್’ ಪುಟದಲ್ಲಿ ಬಾಟಲಿ ಸಂಖ್ಯೆ, ನೀರು ತೆಗೆದ ದಿನ ಮತ್ತು ಸಮಯ, ಫ್ಲೋರೈಡ್, ನೈಟ್ರೇಟ್, ಪ್ರಮಾಣಿತ ದ್ರಾವಣದ ಓದು ಎಂಬ ಮನೆಗಳನ್ನು ರಚಿಸಿ, ಟ್ರ್ಯಾಕರಿಗೂ ಯೋಜನೆಗೂ ಜೋಡಿಸಿ. ಪ್ರಮಾಣಿತ ದ್ರಾವಣವೆಂದರೆ ಸಾಂದ್ರತೆ ಮೊದಲೇ ಗೊತ್ತಿರುವ ದ್ರಾವಣ. ಅದನ್ನು ಅಳೆದಾಗ ಸರಿಯಾದ ಅಂಕಿ ಬಂದರೆ ಆ ದಿನದ ಉಳಿದ ಅಳತೆಗಳನ್ನೂ ನಂಬಬಹುದು.

ಈಗ ವರ್ಕ್‌ಫ್ಲೋ ಪುಟದಲ್ಲಿರುವ ‘ಫೀಲ್ಡ್ಸ್ ಪರ್ಮಿಷನ್ಸ್’ ವಿಭಾಗಕ್ಕೆ ಹೋಗಿ. ಯಾವ ಸ್ಥಿತಿಯಲ್ಲಿ ಯಾವ ಮನೆ ಕಡ್ಡಾಯ, ಯಾವುದು ಓದಲು ಮಾತ್ರ ಎಂದು ಇಲ್ಲಿ ಪಾತ್ರವಾರು ನಿಗದಿಪಡಿಸಬಹುದು. ಸಂಗ್ರಾಹಕನಿಗೆ ‘ಸಂಗ್ರಹಿಸಿದ್ದು’ ಸ್ಥಿತಿಯಲ್ಲಿ ಬಾಟಲಿ ಸಂಖ್ಯೆ ಮತ್ತು ಸಮಯ ಕಡ್ಡಾಯ. ಪರೀಕ್ಷಕನಿಗೆ ‘ಪರೀಕ್ಷಿಸಿದ್ದು’ ಸ್ಥಿತಿಯಲ್ಲಿ ಮೂರೂ ಅಳತೆಗಳು ಕಡ್ಡಾಯ. ಮಾರ್ಗದರ್ಶಕನಿಗೆ ಮಾತ್ರ ಅಳತೆಯ ಮನೆಗಳೆಲ್ಲವೂ ಎಲ್ಲ ಸ್ಥಿತಿಗಳಲ್ಲೂ ಓದಲು ಮಾತ್ರ ಇರಲಿ. ಶಿಕ್ಷಕರು ಅಂಕಿಯನ್ನು ಒಪ್ಪಬಹುದು, ಹಿಂದಕ್ಕೆ ಕಳುಹಿಸಬಹುದು, ಆದರೆ ತಿದ್ದುವಂತಿಲ್ಲ. ಈ ನಿಯಮ ಶಿಕ್ಷಕರ ಮೇಲಿನ ಅಪನಂಬಿಕೆಯಲ್ಲ. ಅಳೆದವರ ಕೈಯೇ ಅಂಕಿಯನ್ನು ಬರೆಯಬೇಕೆಂಬುದು ಪ್ರಯೋಗಾಲಯದ ಹಳೆಯ ಶಿಸ್ತು.

ಮರುಪರೀಕ್ಷೆಯಲ್ಲಿ ಅಂಕಿ ಬದಲಾದರೆ ಹಳೆಯದು ಅಳಿಸಿಹೋಗುವುದಿಲ್ಲ. ಯಾರು, ಯಾವಾಗ, ಯಾವ ಅಂಕಿಯನ್ನು ಯಾವುದಕ್ಕೆ ಬದಲಿಸಿದರು ಎಂಬುದು ಇಶ್ಯೂವಿನ ಚರಿತ್ರೆಯಲ್ಲಿ ತಾನಾಗಿ ದಾಖಲಾಗುತ್ತದೆ. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಸಿಗುವುದು ಇಲ್ಲಿ.

ಎರಡು ಎಚ್ಚರಿಕೆಗಳು. ಒಬ್ಬನಿಗೆ ಎರಡು ಪಾತ್ರ ಕೊಟ್ಟರೆ ರೆಡ್‌ಮೈನ್ ಎರಡರ ದಾರಿಗಳನ್ನೂ ಅವನಿಗೆ ತೆರೆಯುತ್ತದೆ. ಸಂಗ್ರಾಹಕನೇ ಪರೀಕ್ಷಕನಾದರೆ ಅಡ್ಡಿಯಿಲ್ಲ. ಪರೀಕ್ಷಕನೇ ಮಾರ್ಗದರ್ಶಕನೂ ಆದರೆ ತನ್ನ ಅಳತೆಯನ್ನು ತಾನೇ ಒಪ್ಪಿಕೊಳ್ಳಬಹುದು; ಆಗ ಇಷ್ಟೆಲ್ಲ ಏರ್ಪಾಡು ವ್ಯರ್ಥ. ಇನ್ನೊಂದು, ನಿಮ್ಮ ರಚನೆಯನ್ನು ಆಡಳಿತಗಾರರ ಖಾತೆಯಿಂದ ಪರೀಕ್ಷಿಸಬೇಡಿ. ಆ ಖಾತೆಗೆ ಎಲ್ಲ ಪಾತ್ರಗಳ ದಾರಿಗಳೂ ತೆರೆದಿರುವುದರಿಂದ ದೋಷಗಳು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಪಾತ್ರಕ್ಕೂ ಒಂದೊಂದು ಖಾತೆ ತೆರೆದು, ಒಂದು ನಕಲಿ ಬಾವಿಯನ್ನು ಆರಂಭದಿಂದ ಕೊನೆಯವರೆಗೆ ನಡೆಸಿ ನೋಡಿ.

ಸರದಿಯ ಲೆಕ್ಕ

ದಾರಿ ಸರಿಯಿದ್ದರೂ ದಾರಿಯಲ್ಲಿ ದಟ್ಟಣೆಯಾದರೆ ಕೆಲಸ ಕೆಡುತ್ತದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸರದಿಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯು, ದಿನಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯನ್ನು ಒಂದು ಕೆಲಸ ಕಾಯುವ ಸರಾಸರಿ ದಿನಗಳಿಂದ ಗುಣಿಸಿದಷ್ಟು ಇರುತ್ತದೆ.

ನಿಮ್ಮ ಪರೀಕ್ಷಕರು ದಿನಕ್ಕೆ 4 ಬಾಟಲಿ ಅಳೆಯಬಲ್ಲರು, ‘ಸಂಗ್ರಹಿಸಿದ್ದು’ ಸ್ಥಿತಿಯಲ್ಲಿ ಸಾಮಾನ್ಯವಾಗಿ 20 ಬಾಟಲಿಗಳಿರುತ್ತವೆ ಎಂದಿಟ್ಟುಕೊಳ್ಳಿ. 20 ÷ 4 = 5. ಅಂದರೆ ಒಂದು ಬಾಟಲಿ ಸರಾಸರಿ 5 ದಿನ ಕಾಯುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟ ಫ್ಲೋರೈಡ್ ಮಾದರಿ 28 ದಿನ ತಡೆಯುತ್ತದೆ. ಆದರೆ ನೈಟ್ರೇಟ್ ಹಾಗಲ್ಲ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅದರ ಪ್ರಮಾಣವನ್ನು ಬದಲಿಸುವುದರಿಂದ, ಮಾದರಿಯನ್ನು 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿಟ್ಟರೂ 48 ಗಂಟೆಗಳೊಳಗೆ ಅಳೆಯಬೇಕು. ಐದು ದಿನ ಕಾದ ಬಾಟಲಿಯ ನೈಟ್ರೇಟ್ ಅಂಕಿಗೆ ಬೆಲೆಯಿಲ್ಲ. ಮಕ್ಕಳು ಎಷ್ಟೇ ಶ್ರದ್ಧೆಯಿಂದ ಅಳೆದರೂ ಅಷ್ಟೇ.

ಪರಿಹಾರ ಸುಲಭ. ಸರದಿಯಲ್ಲಿ 8 ಬಾಟಲಿಗಳಿದ್ದರೆ ಕಾಯುವ ಕಾಲ ಸರಾಸರಿ 2 ದಿನ. ಸರಾಸರಿ ಎಂದ ಮೇಲೆ ಕೆಲವು ಅದಕ್ಕಿಂತ ಹೆಚ್ಚು ಕಾಯುತ್ತವೆ. ಆದ್ದರಿಂದ 4 ಬಾಟಲಿಗೆ ಮಿತಿ ಹಾಕಿ, ತಂದ ಕ್ರಮದಲ್ಲೇ ಅಳೆಯುವುದು ಕ್ಷೇಮ. ಮಿತಿ ತುಂಬಿದ ದಿನ ಸಂಗ್ರಾಹಕರು ಹೊಸ ನೀರು ತರಲು ಹೋಗದೆ ಪರೀಕ್ಷಕರಿಗೆ ಕೈಜೋಡಿಸಲಿ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿಯ ತಿರುಳೂ ಇದೇ. ರೆಡ್‌ಮೈನ್‌ನಲ್ಲಿ ಸ್ಥಿತಿ ‘ಸಂಗ್ರಹಿಸಿದ್ದು’ ಎಂಬ ಶೋಧಕವನ್ನು ಉಳಿಸಿಟ್ಟುಕೊಂಡರೆ ಪ್ರತಿದಿನ ಬೆಳಿಗ್ಗೆ ಒಂದು ಕ್ಲಿಕ್ಕಿನಲ್ಲಿ ಸರದಿಯ ಉದ್ದ ಗೊತ್ತಾಗುತ್ತದೆ. ತಡವಾದ ಬಾಟಲಿಗೆ 4ನೆಯ ಬಾಣ ಇದ್ದೇ ಇದೆ: ನೀರನ್ನು ಮತ್ತೆ ತರಬೇಕು.

ಮಿತಿಗಳು

ರೆಡ್‌ಮೈನ್‌ನಲ್ಲಿ ಒಂದು ಇಶ್ಯೂವಿಗೆ ಒಂದು ಕ್ಷಣದಲ್ಲಿ ಒಂದೇ ಸ್ಥಿತಿ. ಫ್ಲೋರೈಡನ್ನು ಒಂದು ಗುಂಪು, ನೈಟ್ರೇಟನ್ನು ಇನ್ನೊಂದು ಗುಂಪು ಒಟ್ಟಿಗೆ ಅಳೆಯುವುದಾದರೆ, ಪೆಟ್ರಿ ಜಾಲದಲ್ಲಿ ಸಹಜವಾಗಿ ಬರೆಯಬಹುದಾದ ಈ ಕವಲನ್ನು ಒಂದು ಸ್ಥಿತಿಯಲ್ಲಿ ಹೇಳಲಾಗದು. ಆಗ ಪ್ರತಿ ಬಾವಿಯ ಅಡಿಯಲ್ಲಿ ಎರಡು ಉಪಕೆಲಸಗಳನ್ನು ರಚಿಸಬೇಕಾಗುತ್ತದೆ. ಹಾಗೆಂದು ‘ಫ್ಲೋರೈಡ್ ಆಯಿತು, ನೈಟ್ರೇಟ್ ಬಾಕಿ’ ಎಂಬಂಥ ಸ್ಥಿತಿಗಳನ್ನು ಸೇರಿಸುತ್ತಾ ಹೋಗಬೇಡಿ. ಸ್ಥಿತಿಗಳು 6ರಿಂದ 12ಕ್ಕೆ ಏರಿದರೆ ಯೋಚಿಸಬೇಕಾದ ದಾಟುಗಳು 30ರಿಂದ 132ಕ್ಕೆ ಏರುತ್ತವೆ. ಯೋಜನೆಯ ನಡುವೆ ಸ್ಥಿತಿಗಳನ್ನು ತೆಗೆದುಹಾಕುವುದೂ ತೊಡಕಿನ ಕೆಲಸ. ಯಾವುದಾದರೂ ಬಾವಿ ಆ ಸ್ಥಿತಿಯಲ್ಲಿದ್ದರೆ ತಂತ್ರಾಂಶ ಅದನ್ನು ಅಳಿಸಲು ಬಿಡುವುದಿಲ್ಲ.

ಮತ್ತೊಂದು ಮಾತು. ತಂತ್ರಾಂಶ ಕಾಯುವುದು ದಾರಿಯನ್ನೇ ಹೊರತು ಅಳತೆಯನ್ನಲ್ಲ. ಅಳೆಯದೆಯೇ 0.6 ಎಂದು ಬರೆದರೆ ಯಾವ ಮಾತೃಕೆಯೂ ಅದನ್ನು ಹಿಡಿಯಲಾರದು. ಅದನ್ನು ಬರೆದವರು ಯಾರು, ಎಂದು, ಒಪ್ಪಿದವರು ಯಾರು ಎಂಬುದನ್ನು ಅದು ಹೇಳಬಲ್ಲದು. ಸಂದೇಹ ಬಂದ ದಿನ 23ನೆಯ ಬಾವಿಯ ಪುಟ ತೆರೆದು, 9ನೆಯ ಬಾಣವನ್ನು ಹಿಡಿದು ಮರುಪರೀಕ್ಷೆಗೆ ಕಳುಹಿಸಲು ಅಷ್ಟು ಸಾಕು. ಬಾಟಲಿಯಲ್ಲಿ ನೀರು ಉಳಿದಿಲ್ಲದಿದ್ದರೆ 8ನೆಯ ಬಾಣ ನಿಮ್ಮನ್ನು ಮತ್ತೆ ಬಾವಿಯ ಬಳಿಗೇ ಕರೆದೊಯ್ಯುತ್ತದೆ.

ಗಣಕ ಇಲ್ಲದ ಶಾಲೆಯವರು ನಿರಾಶರಾಗಬೇಕಿಲ್ಲ. ಆರು ಅಂಕಣಗಳ ಕಪ್ಪುಹಲಗೆ, ಬಾವಿಗೊಂದು ಚೀಟಿ, ಚೀಟಿಯ ಹಿಂದೆ ದಿನಾಂಕ ಮತ್ತು ಸಹಿ ಇದ್ದರೆ ಇದೇ ವರ್ಕ್‌ಫ್ಲೋ ಅಲ್ಲಿಯೂ ನಡೆಯುತ್ತದೆ. ನಿಮ್ಮ ಮುಂದಿನ ಯೋಜನೆಗೆ ಕೈಹಾಕುವ ಮೊದಲು ವಿದ್ಯಾರ್ಥಿಗಳೊಡನೆ ಕುಳಿತು ಬಾಣಗಳನ್ನು ಎಳೆದು ನೋಡಿ. ಯಾವ ದಾರಿ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಅವರು ವಾದ ಮಾಡತೊಡಗಿದರೆ ವಿಜ್ಞಾನದ ಪಾಠ ಅಲ್ಲಿಂದಲೇ ಆರಂಭವಾಗಿದೆ ಎಂದು ತಿಳಿಯಿರಿ.